ಅರಕಾವಾ ದಂಡೆಯ ಮೇಲೊಂದು ಯುಗಾದಿ

ನಮ್ಮೂರು ಕುಮಾರಪಟ್ಟಣ ಎಂದರೆ ಹೆಚ್ಚಿನವರಿಗೆ ಎಲ್ಲಿದೆ ಎಂದು ಹೊಳೆಯುವುದಿಲ್ಲ. ‘ಹರಿಹರದ ಆಚೆ ದಂಡೆ’ ಎಂದರೆ ‘ಓಹೋ, ಕಾರ್ಖಾನೆಯ ಊರು’ ಎಂದು ತಲೆಯಾಡಿಸುತ್ತಾರೆ. ನಡುವೆ ಹರಿಯುವವಳು ತುಂಗಭದ್ರೆ. ಒಂದು ಕಾಲಕ್ಕೆ ಹೊಳೆಯ ಆ ಕಡೆ ಮೈಸೂರು ಸೀಮೆ, ಈ ಕಡೆ ಮುಂಬಯಿ ಪ್ರಾಂತ. 1956ರಲ್ಲಿ ಎರಡೂ ದಂಡೆಗಳು ಒಂದೇ ರಾಜ್ಯಕ್ಕೆ ಸೇರಿದವು, 1997ರಲ್ಲಿ ನಾವು ಧಾರವಾಡ ಜಿಲ್ಲೆಯಿಂದ ಹಾವೇರಿ ಜಿಲ್ಲೆಗೆ ಬಂದೆವು. ಆದರೂ ಸೇತುವೆ ದಾಟಿದರೆ ಮಾತಿನ ಧಾಟಿ ಬೇರೆ, ಸಾರಿನ ರುಚಿ ಬೇರೆ. ‘ಹೊಳಿ ದಾಟಿಸಿ ಹೆಣ್ಣ ಕೊಡಬಾರದವ್ವ, ಮಳಿಗಾಲದಾಗ ತವರಿಗೆ ಬರಾಕ ಆಗೂದಿಲ್ಲ’ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅವರ ಮೊಮ್ಮಗಳನ್ನು ನಾನು ಕೊಟ್ಟದ್ದು ಟೋಕಿಯೋದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಹುಡುಗನಿಗೆ. ಹೊಳೆಯಲ್ಲ, ಸಮುದ್ರವನ್ನೇ ದಾಟಿಸಿದೆ.

ಮೊದಲ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಆಗ ನಮ್ಮವರಿದ್ದರು. ಎರಡನೆಯದಕ್ಕೆ 2022ರ ದೀಪಾವಳಿಯಲ್ಲಿ ಮಗಳ ಫೋನು ಬಂತು: “ಅವ್ವಾ, ಈ ಸಲ ನಾ ಬರಾಕ ಆಗೂದಿಲ್ಲ. ಸಣ್ಣಾಕಿನ್ನ ಏಪ್ರಿಲ್‌ನ್ಯಾಗ ಒಂದನೇತ್ತಕ್ಕ ಹಾಕಬೇಕು. ನೀನ ಬಾ.” ಅಲ್ಲಿಯ ಶಾಲೆಗಳ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಮೊಮ್ಮಗಳನ್ನು ಒಂದನೇ ತರಗತಿಗೆ ಸೇರಿಸುವ ಹೊತ್ತಿಗೆ ಇವರು ಊರಿಗೆ ಮರಳುತ್ತಾರೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಆ ಲೆಕ್ಕ ತಪ್ಪಿತು ಎಂದು ಅಂದೇ ತಿಳಿಯಿತು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಗಳಿಕೆ ರಜೆ ಬೇಡಿ, ಪರದೇಶಕ್ಕೆ ಹೋಗಲು ಇಲಾಖೆಯ ಒಪ್ಪಿಗೆ ಪಡೆದು, ಅಂಟಿನ ಉಂಡಿ ಕಟ್ಟಿ, ಬಾಣಂತಿ ಖಾರ ಕುಟ್ಟಿಸಿ, ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಮೂರು ಪದರು ಚೀಲದಲ್ಲಿ ಕಟ್ಟಿ, 2023ರ ಮಾರ್ಚ್ ಮೊದಲ ವಾರ ಬೆಂಗಳೂರಿನಿಂದ ವಿಮಾನ ಹತ್ತಿದೆ.

ಮಗಳ ಮನೆ ಇರುವುದು ಟೋಕಿಯೋದ ಪೂರ್ವದ ಎದೊಗಾವಾ ವಾರ್ಡಿನ ನಿಶಿ ಕಸಾಯ್ ಎಂಬಲ್ಲಿ. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆಂದು ಬಂದ ನಮ್ಮ ದೇಶದವರು ಇಲ್ಲಿ ಬಾಡಿಗೆ ಹಿಡಿದರು. ಬರಬರುತ್ತ ಅದೊಂದು ಭಾರತೀಯರ ಕೇರಿಯೇ ಆಗಿದೆ. ಎರಡು ನದಿಗಳ ನಡುವಿನ ತಗ್ಗು ನೆಲ ಅದು. ಬಹುಪಾಲು ಜಾಗ ಸಮುದ್ರದ ಭರತದ ಮಟ್ಟಕ್ಕಿಂತ ಕೆಳಗಿದೆ. ಪಶ್ಚಿಮಕ್ಕಿರುವ ಅರಕಾವಾ ಹೊಳೆಯ ಅಗಲವನ್ನು ಕಂಡು ನನಗೆ ನಮ್ಮ ಹೊಳೆಯೇ ನೆನಪಾಯಿತು. ಅದು ಮನುಷ್ಯರು ತೋಡಿದ ಹೊಳೆ ಎಂದು ಅಳಿಯ ಹೇಳಿದಾಗ ನಂಬಲಾಗಲಿಲ್ಲ. 1910ರಲ್ಲಿ ಮಹಾಪೂರ ಬಂದು ಟೋಕಿಯೋ ಮುಳುಗಿತಂತೆ. ಆಮೇಲೆ ನದಿಗೆ ಹೊಸ ದಾರಿ ತೋಡತೊಡಗಿ, 1924ರಲ್ಲಿ ನೀರು ಬಿಟ್ಟು, 1930ರಲ್ಲಿ ಕೆಲಸ ಮುಗಿಸಿದರು. ಸುಮಾರು 22 ಕಿಲೋಮೀಟರ್ ಉದ್ದ. ಅಷ್ಟಾದರೂ ಇಂದಿಗೂ ಆ ವಾರ್ಡಿನವರು ಮನೆಮನೆಗೆ ನಕ್ಷೆ ಹಂಚಿ, ದೊಡ್ಡ ಪೂರ ಬರುವ ಸೂಚನೆ ಇದ್ದರೆ ಇಲ್ಲಿ ನಿಲ್ಲಬೇಡಿ, ಊರು ಬಿಟ್ಟು ಹೋಗಿ ಎಂದು ಹೇಳುತ್ತಾರೆ. ಹೊಳೆಯ ದಂಡೆಯವಳಾದ ನನಗೆ ಆ ನೇರ ಮಾತು ಹಿಡಿಸಿತು.

ಮಾರ್ಚ್ 10ರಂದು ಮಗಳು ಗಂಡು ಮಗುವಿಗೆ ಜನ್ಮ ಕೊಟ್ಟಳು. ಅಲ್ಲಿ ಸಾಮಾನ್ಯ ಹೆರಿಗೆಗೆ ವಿಮೆಯ ಹಣ ಸಿಗುವುದಿಲ್ಲ, ಬದಲಿಗೆ ಒಂದು ಇಡುಗಂಟು ಕೊಡುತ್ತಾರೆ. ಆಗ ಅದು 4,20,000 ಯೆನ್. ಏಪ್ರಿಲ್ 1ರಿಂದ 5,00,000 ಯೆನ್ ಆಯಿತು. “ಇಪ್ಪತ್ತು ದಿನ ತಡದಿದ್ರ ಎಂಬತ್ತು ಸಾವಿರ ಉಳೀತಿತ್ತಲ್ಲಪ್ಪಾ” ಎಂದು ನಾನು ಮಗುವಿಗೆ ಹೇಳಿದರೆ ಅಳಿಯ ಬಿದ್ದು ಬಿದ್ದು ನಕ್ಕರು. ಬಸುರಿಯಾದ ಪ್ರತಿಯೊಬ್ಬಳಿಗೂ ವಾರ್ಡ್ ಕಚೇರಿಯವರು ಒಂದು ಸಣ್ಣ ಪುಸ್ತಕ ಕೊಡುತ್ತಾರೆ. ‘ಬೋಶಿ ತೆಚೋ’ ಎಂದು ಹೆಸರು, ತಾಯಿ ಮಗುವಿನ ಕೈಪಿಡಿ ಎಂದರ್ಥ. 1948ರಿಂದ ಇದೆಯಂತೆ. ತಾಯಿಯ ತೂಕ, ಮಗುವಿನ ಚುಚ್ಚುಮದ್ದು, ಮೊದಲ ಹಲ್ಲು ಎಲ್ಲವನ್ನೂ ಅದರಲ್ಲೇ ಬರೆಯುವುದು. ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯೂ ಅವರಲ್ಲಿದೆ. ಅದಕ್ಕೆ ‘ಸಾತೊಗಾಯೆರಿ’ ಎನ್ನುತ್ತಾರೆ. ತವರು ಎಂಬುದು ನಮ್ಮ ಸೊತ್ತು ಎಂದುಕೊಂಡಿದ್ದ ನನಗೆ ಇದು ಹೊಸ ಪಾಠ.

ಮಗಳು ಆಸ್ಪತ್ರೆಯಲ್ಲಿದ್ದ 14ನೇ ತಾರೀಖಿನಂದು ಟೀವಿಯಲ್ಲಿ ವಿಚಿತ್ರ ದೃಶ್ಯವೊಂದನ್ನು ನೋಡಿದೆ. ಯಾಸುಕುನಿ ಗುಡಿಯ ಆವರಣದ ಒಂದು ಮರದ ಸುತ್ತ ಕ್ಯಾಮೆರಾಗಳ ಸಂತೆ. ಹವಾಮಾನ ಇಲಾಖೆಯ ಅಧಿಕಾರಿಯೊಬ್ಬರು ಕತ್ತೆತ್ತಿ ಕೊಂಬೆ ಕೊಂಬೆಯ ಹೂವನ್ನು ಎಣಿಸುತ್ತಿದ್ದಾರೆ. ಆ ಗುರುತಿನ ಚೆರಿ ಮರದಲ್ಲಿ ಐದಾರು ಹೂ ಅರಳಿದ್ದರೆ ‘ಟೋಕಿಯೋದಲ್ಲಿ ಹೂ ಅರಳಿತು’ ಎಂದು ಸರಕಾರವೇ ಸಾರುತ್ತದೆ. ನೂರಕ್ಕೆ ಎಂಬತ್ತು ಹೂ ಅರಳಿದರೆ ‘ತುಂಬು ಅರಳು’. ನಮ್ಮಲ್ಲಿ ಮುಂಗಾರು ಕೇರಳಕ್ಕೆ ಬಂತೆಂದು ಸಾರುವ ಹಾಗೆ. 1953ರಿಂದ ಇಟ್ಟ ಲೆಕ್ಕದಲ್ಲಿ ಮಾರ್ಚ್ 14 ಎಲ್ಲಕ್ಕಿಂತ ಮುಂಚಿನ ದಿನವಂತೆ. 2020 ಮತ್ತು 2021ರಲ್ಲೂ ಅದೇ ದಿನ ಅರಳಿತ್ತು. ಕ್ಯೋಟೋ ನಗರದಲ್ಲಂತೂ ಹಳೆಯ ದಿನಚರಿಗಳಿಂದ 812ನೇ ಇಸವಿಯವರೆಗಿನ ಹೂವಿನ ಲೆಕ್ಕ ಹೆಕ್ಕಿದ್ದಾರೆ. 2021ರ ಮಾರ್ಚ್ 26ಕ್ಕೆ ಅಲ್ಲಿ ತುಂಬು ಅರಳಿದ್ದು ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷಗಳಲ್ಲೇ ಮೊದಲು. ಭೂಮಿ ಕಾಯುತ್ತಿದೆ ಎಂಬುದನ್ನು ಹೂವೇ ಬರೆದಿಟ್ಟಂತಾಯಿತು.

ಊರ ತುಂಬ ಒಟ್ಟಿಗೆ ಅರಳಲು ಕಾರಣವೂ ಇದೆ. ಈ ಮರದ ಹೆಸರು ಸೊಮೆಯ್ ಯೊಶಿನೊ. ನೂರೈವತ್ತು ವರ್ಷಕ್ಕೂ ಹಿಂದೆ ಟೋಕಿಯೋದ ಸೊಮೆಯ್ ಎಂಬ ಹಳ್ಳಿಯ ತೋಟಗಾರರಿಂದ ಹಬ್ಬಿದ ತಳಿ. ಬೀಜದಿಂದ ಬೆಳೆಸುವುದಿಲ್ಲ, ಕಸಿ ಕಟ್ಟುತ್ತಾರೆ. ಆದ್ದರಿಂದ ಲಕ್ಷಾಂತರ ಮರಗಳೂ ಒಂದೇ ತಾಯಿಮರದ ತುಂಡುಗಳು. ಹಾಗಾಗಿ ಒಟ್ಟಿಗೇ ಅರಳುತ್ತವೆ, ವಾರ ಹತ್ತು ದಿನಗಳಲ್ಲಿ ಒಟ್ಟಿಗೇ ಉದುರುತ್ತವೆ.

ಆದರೆ ಜಪಾನಿನ ವಸಂತವೆಂದರೆ ಬರೀ ಹೂವಲ್ಲ. ಬೀದಿಯಲ್ಲಿ ಅರ್ಧ ಜನ ಮೂಗು ಒರೆಸಿಕೊಳ್ಳುತ್ತ, ಕಣ್ಣು ಉಜ್ಜಿಕೊಳ್ಳುತ್ತ ಓಡಾಡುತ್ತಿದ್ದರು. ಕರೋನಾ ಮಾಸ್ಕಿನ ವಿಷಯ ಅವರವರ ಇಷ್ಟ ಎಂದು ಮಾರ್ಚ್ 13ರಿಂದ ಸರಕಾರ ಬಿಟ್ಟುಕೊಟ್ಟಿದ್ದರೂ ಮಾಸ್ಕು ಇಳಿದಿರಲಿಲ್ಲ. ಕಾರಣ ಸುಗಿ ಎಂಬ ಮರದ ಪರಾಗ. ಯುದ್ಧ ಮುಗಿದ ಮೇಲೆ ಮನೆ ಕಟ್ಟಲು ಮರ ಬೇಕೆಂದು ಗುಡ್ಡಗುಡ್ಡಕ್ಕೆ ಇದೊಂದನ್ನೇ ನೆಟ್ಟರು. ಆಮೇಲೆ ಹೊರಗಿನಿಂದ ಅಗ್ಗದ ಮರ ಬಂತು, ಇವು ಕಡಿಯುವವರಿಲ್ಲದೆ ಬೆಳೆದು ನಿಂತವು. ಈಗ ಮೂವರಲ್ಲಿ ಒಬ್ಬರಿಗಾದರೂ ಅದರ ನೆಗಡಿ. ಹತ್ತು ವರ್ಷದಲ್ಲಿ ಸುಗಿ ತೋಪುಗಳ ಐದನೇ ಒಂದು ಪಾಲನ್ನು ಕಡಿಮೆ ಮಾಡುತ್ತೇವೆ ಎಂದು 2023ರ ಮೇ ತಿಂಗಳಲ್ಲಿ ಅಲ್ಲಿಯ ಸರಕಾರ ಯೋಜನೆ ಹಾಕಿತು. ಅಳಿಯ ಇದನ್ನೆಲ್ಲ ಹೇಳುವಾಗ ನನಗೆ ನಮ್ಮ ಹಾನಗಲ್ಲ ತಾಲೂಕಿನ ಕುಸನೂರು ನೆನಪಾಯಿತು. 1987ರ ನವೆಂಬರ್ 14ರಂದು ಅಲ್ಲಿಯ ಜನ ಗೋಮಾಳದಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಎಂದೇ ಅದಕ್ಕೆ ಹೆಸರು. ಒಂದೇ ಜಾತಿಯ ಮರದಿಂದ ಆಗುವ ತೊಂದರೆ ನಮ್ಮ ಹಳ್ಳಿಯವರಿಗೆ ಬೇಗ ತಿಳಿದಿತ್ತು.

ಇನ್ನು ದಿನನಿತ್ಯದ ಬಾಳು. ಕಸ ಹಾಕುವುದಕ್ಕೇ ಒಂದು ಪಂಚಾಂಗ: ಸುಡುವ ಕಸ ಒಂದು ದಿನ, ಪ್ಲಾಸ್ಟಿಕ್ಕು ಒಂದು ದಿನ, ಕಾಗದ ಬಾಟಲಿ ಮತ್ತೊಂದು ದಿನ. ಕಾಗೆಗಳು ಎಳೆದಾಡದಂತೆ ಮೇಲೆ ಬಲೆ ಹೊದಿಸಬೇಕು. ಆ ಕಾಗೆಗಳೋ, ನಮ್ಮವಕ್ಕಿಂತ ಒಂದೂವರೆ ಪಟ್ಟು. ಚಪ್ಪಲಿ ಬಾಗಿಲಲ್ಲೇ ಬಿಡುವುದು, ನೆಲದ ಮೇಲೆ ಕೂಡುವುದು, ಹಿರಿಯರಿಗೆ ಬಾಗುವುದು ನನಗೆ ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ಸದ್ದಿಲ್ಲದಿರುವುದು. ನಮ್ಮೂರಿನಲ್ಲಿ ಕಾರ್ಖಾನೆಯ ಪಾಳಿಯ ಸೈರನ್ನು, ಗುಡಿಯ ಗಂಟೆ, ಪಕ್ಕದ ಮನೆಯ ಕುಕ್ಕರು ಇವುಗಳಿಂದಲೇ ಹೊತ್ತು ಗೊತ್ತಾಗುವುದು. ಅಲ್ಲಿ ನೂರಾರು ಮನೆಗಳ ಕಟ್ಟಡದಲ್ಲಿ ಕೂಸು ಅತ್ತರೆ ಅದೊಂದೇ ಸದ್ದು.

ಆ ಮೌನವನ್ನು ಮುರಿದವಳು ನಾನೇ. ಕೂಸು ಮನೆಗೆ ಬಂದ ಮೂರನೇ ದಿನ ಎಣ್ಣೆ ಹಚ್ಚಿ ಎರೆದು, ಹೊಗೆ ಹಾಕದಿದ್ದರೆ ಹೇಗೆಂದು ಕಾದ ಹಂಚಿನ ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದೆ. ಒಂದು ಗಳಿಗೆಯಲ್ಲಿ ಮಾಡಿನಿಂದ ಹೆಣ್ಣುದನಿಯೊಂದು ಕೂಗತೊಡಗಿತು: “ಕಾಜಿ ದೆಸು! ಕಾಜಿ ದೆಸು!” ಬೆಂಕಿ ಬಿದ್ದಿದೆ ಎಂದರ್ಥವಂತೆ. ನಾನು ಸೆರಗಿನಿಂದ ಬೀಸುತ್ತಿದ್ದೆ, ಮಗಳು ಹಾಸಿಗೆಯಿಂದಲೇ ಕೂಗುತ್ತಿದ್ದಳು, ಮೊಮ್ಮಗಳು ಚಪ್ಪಾಳೆ ತಟ್ಟುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಪಕ್ಕದ ಮನೆಯ ಮುದುಕಿ, ಕೈಯಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರು! ಎಂಬತ್ತರ ಹತ್ತಿರದ ಜೀವ. ಹಂಚನ್ನು ನೋಡಿದಳು, ನನ್ನ ಮೋರೆ ನೋಡಿದಳು, ಕೂಸನ್ನು ನೋಡಿದಳು. ಸಿಲಿಂಡರು ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು.

ಅಂದಿನಿಂದ ಅವಳು ದಿನಕ್ಕೊಮ್ಮೆ ಬಂದು ಕೂಸನ್ನು ನೋಡಿಕೊಂಡು ಹೋಗುವಳು. 2022ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ 8 ಲಕ್ಷಕ್ಕಿಂತ ಕಡಿಮೆಯಾಯಿತೆಂದು, 1899ರಿಂದ ಲೆಕ್ಕ ಇಟ್ಟ ಮೇಲೆ ಹೀಗಾದದ್ದು ಇದೇ ಮೊದಲೆಂದು ಆಗಷ್ಟೇ ಪತ್ರಿಕೆಗಳಲ್ಲಿ ಬಂದಿತ್ತು. ಆ ಮಹಡಿಯಲ್ಲಿ ಕೂಸಿನ ಅಳು ಕೇಳಿ ಎಷ್ಟೋ ವರ್ಷವಾಗಿತ್ತಂತೆ. ಅವಳ ಗಂಡ ತೀರಿಕೊಂಡಿದ್ದಾನೆ, ಮಗ ಒಸಾಕಾದಲ್ಲಿದ್ದಾನೆ. ನಮ್ಮವರು ಹೋಗಿ ನಾಲ್ಕು ವರ್ಷ ಎಂದು ಮಗಳ ಬಾಯಿಂದ ಕೇಳಿ ಅವಳು ನನ್ನ ಕೈ ಹಿಡಿದು ತುಸು ಹೊತ್ತು ಸುಮ್ಮನೆ ಕೂತಳು. ನಮ್ಮಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಬೇಕೆಂದೂ ಅನ್ನಿಸಲಿಲ್ಲ.

ಮಾರ್ಚ್ 21 ಹಗಲು ರಾತ್ರಿ ಸಮವಾಗುವ ದಿನ. ಅಲ್ಲಿ ಅದು ರಜೆ. ಅಂದಿನ ಹಿಂದುಮುಂದಿನ ವಾರವನ್ನು ‘ಹಿಗಾನ್’ ಎನ್ನುತ್ತಾರೆ. ಮನೆಯವರು ಗೋರಿಗೆ ಹೋಗಿ, ನೀರು ಹಾಕಿ ತೊಳೆದು, ಹೂವು ಊದುಬತ್ತಿ ಇಟ್ಟು ಬರುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆಯ ಹಾಗೆ. ಸಂಜೆ ಮುದುಕಿ ಒಂದು ಡಬ್ಬಿ ತಂದುಕೊಟ್ಟಳು. ಒಳಗೆ ಅಂಟು ಅನ್ನದ ಉಂಡೆ, ಮೇಲೆ ಕಂದು ಬಣ್ಣದ ಲೇಪ. ‘ಬೊತಮೋಚಿ’ ಎಂದಳು. ಬಾಯಿಗಿಟ್ಟೆ. ನಂಬಿದರೆ ನಂಬಿ, ಅದು ಹೂರಣ! ಕೆಂಪು ಅಲಸಂದೆಯಂಥ ಕಾಳು ಬೇಯಿಸಿ, ಸಕ್ಕರೆ ಹಾಕಿ ಅರೆದ ಹೂರಣ. ಏಲಕ್ಕಿ ಇಲ್ಲ, ಅಷ್ಟೆ. ಮರುದಿನವೇ ನಮ್ಮ ಯುಗಾದಿ ಎಂದು ಹೇಳಿ ಅವಳನ್ನು ಊಟಕ್ಕೆ ಕರೆದೆ.

2023ರ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು. ಅಂದೇ ಟೋಕಿಯೋದ ಹೂವು ತುಂಬು ಅರಳಿತೆಂದು ಸಾರಿದರು. ಅಂದೇ ಬೆಳಿಗ್ಗೆ ಬೇಸ್‌ಬಾಲ್ ವಿಶ್ವ ಪಂದ್ಯದ ಫೈನಲ್ಲಿನಲ್ಲಿ ಜಪಾನ್ 3–2ರಿಂದ ಅಮೆರಿಕವನ್ನು ಸೋಲಿಸಿತು. ಸದ್ದಿಲ್ಲದ ಕಟ್ಟಡದ ಗೋಡೆಗಳಾಚೆಯಿಂದ ಮೊದಲ ಬಾರಿ ಕೂಗು ಕೇಳಿದೆ. ನಮ್ಮ ಕೂಸಿಗೆ ಅಂದು ಹದಿಮೂರನೇ ದಿನ, ತೊಟ್ಟಿಲಿಗೆ ಹಾಕುವ ದಿನ. ಹದಿನಾಲ್ಕು ದಿನದೊಳಗೆ ಜನನ ಬರೆಸಬೇಕೆಂಬುದು ಅಲ್ಲಿಯ ಕಾನೂನು, ಹೆಸರು ತಡಮಾಡುವಂತಿರಲಿಲ್ಲ. ಪಂಚೆಯ ಜೋಳಿಗೆ ಕಟ್ಟಿ, ಕಿವಿಯಲ್ಲಿ ಹೆಸರು ಕೂಗಿ, ಅಳಿಯ ವಾರ್ಡ್ ಕಚೇರಿಗೆ ಓಡಿದರು.

ಬೇವು ಮಾತ್ರ ಇರಲಿಲ್ಲ. ಬೇವಿಲ್ಲದೆ ಯುಗಾದಿ ಹೇಗೆ? “ನಾನೊಹಾನಾ ಹಾಕವ್ವಾ, ಅದೂ ಕಹಿ ಇರ್ತೈತಿ” ಎಂದಳು ಮಗಳು. ಸಾಸಿವೆ ಜಾತಿಯ ಹಳದಿ ಹೂಮೊಗ್ಗಿನ ಸೊಪ್ಪು ಅದು. ವಸಂತದಲ್ಲಿ ಕಹಿ ತಿನ್ನಬೇಕೆಂಬ ರೂಢಿ ಅವರಲ್ಲೂ ಇದೆ. ಓಕಿನಾವಾ ದ್ವೀಪದಿಂದ ಬರುವ ಕರಿಬೆಲ್ಲದ ಉಂಡೆ ಕುಟ್ಟಿ ಅದಕ್ಕೆ ಬೆರೆಸಿದೆ. ಮುದುಕಿ ಎರಡು ಕೈಯಲ್ಲಿ ತೆಗೆದುಕೊಂಡು, ಕಣ್ಣು ಮುಚ್ಚಿ ತಿಂದು, ಎರಡು ಸಲ ತಲೆಯಾಡಿಸಿದಳು. ಹೋಳಿಗೆಯನ್ನು ಮುರಿದು ಒಳಗಿನ ಹೂರಣ ತೋರಿಸಿದಾಗ ಅವಳಿಗೆ ಆದ ಅಚ್ಚರಿ ನೋಡಬೇಕಿತ್ತು.

ಮಧ್ಯಾಹ್ನ ಅವಳೇ ನನ್ನನ್ನೂ ಮೊಮ್ಮಗಳನ್ನೂ ಬಸ್ಸು ಹತ್ತಿಸಿ ಅರಕಾವಾ ದಂಡೆಯ ಕೊಮಾತ್ಸುಗಾವಾ ಎಂಬಲ್ಲಿಗೆ ಕರೆದೊಯ್ದಳು. ಎತ್ತರದ ಏರಿಯ ಮೇಲೆ ಎರಡು ಕಿಲೋಮೀಟರಿನಷ್ಟು ಉದ್ದ ಸಾವಿರ ಚೆರಿ ಮರಗಳು. ಎಲೆ ಒಂದೂ ಇಲ್ಲ. ಬರೀ ಹೂವು, ಬಿಳಿಯೆಂದರೆ ಬಿಳಿಯಲ್ಲ, ಗುಲಾಬಿ ಎಂದರೆ ಗುಲಾಬಿಯಲ್ಲ, ಎಳೆಗೂಸಿನ ಅಂಗಾಲಿನ ಬಣ್ಣ. ಬುತ್ತಿ ಬಿಚ್ಚಿ ಕೂತ ಸಂಸಾರಗಳು, ಗಾಲಿಕುರ್ಚಿಯಲ್ಲಿ ಕತ್ತೆತ್ತಿ ನೋಡುವ ವೃದ್ಧರು. ಕೆಳಗೆ ಹೊಳೆ. ಒಂದು ಕ್ಷಣ ನನಗೆ ನಮ್ಮ ಹೊಳೆ ಕಂಡಿತು: ಚೈತ್ರದಲ್ಲಿ ಸೊರಗಿ, ಬಂಡೆ ಎದ್ದು, ದಂಡೆಯ ಹೊಂಗೆ ಮಾತ್ರ ಆ ಬಿಸಿಲಿನಲ್ಲೂ ಎಳೆ ಹಸಿರು ಉಟ್ಟು ನಿಂತಿರುತ್ತದೆ. ನಾವು ಅದನ್ನು ನೋಡಲೆಂದು ಎಂದಾದರೂ ಬುತ್ತಿ ಕಟ್ಟಿಕೊಂಡು ಹೋಗಿದ್ದೇವೆಯೇ? ಬೇವು ಹೂಬಿಟ್ಟರೆ ಯುಗಾದಿಗೆ ಒಂದು ಹಿಡಿ ಕಿತ್ತು ತರುತ್ತೇವೆ, ತಲೆಯೆತ್ತಿ ನೋಡುವುದಿಲ್ಲ.

ಮೊಮ್ಮಗಳು ಕೈ ಎಳೆದು “ಅಜ್ಜಿ, ಹಾನಾ!” ಎಂದಳು. “ಹಾನಾ ಅಂದ್ರ?” “ಹಾನಾ ಅಂದ್ರ... ಫ್ಲವರ್.” ಹೂವು ಎಂಬ ಮಾತು ಅವಳ ಬಾಯಿಗೆ ಬರಲಿಲ್ಲ. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿದವಳ ಮೊಮ್ಮಗಳು. ಅಷ್ಟು ಹೂವಿನ ನಡುವೆ ನನ್ನ ಕಣ್ಣು ತುಂಬಿದ್ದು ಹೂವಿನಿಂದಲ್ಲ.

ರಾತ್ರಿ ಅವಳ ಅಕ್ಷರದ ಹಾಳೆ ಕೈಗೆತ್ತಿಕೊಂಡೆ. “ಓದು ನೋಡೋಣ” ಎಂದೆ. ಅವಳು ಬೆರಳಿಟ್ಟು ಓದಿದಳು: ಅ, ಇ, ಉ, ಎ, ಒ. ಕ, ಸ, ತ, ನ, ಹ, ಮ, ಯ, ರ, ವ. ನಾನು ಬೆಚ್ಚಿದೆ. ಇದು ನಮ್ಮ ವರ್ಣಮಾಲೆಯ ನಡಿಗೆ! ಹಿಂದೆ ಬೌದ್ಧ ಭಿಕ್ಷುಗಳು ಸಂಸ್ಕೃತದ ಸಿದ್ಧಂ ಲಿಪಿ ಕಲಿತು, ಅದರ ಕ್ರಮದಲ್ಲೇ ತಮ್ಮ ಅಕ್ಷರಗಳನ್ನು ಜೋಡಿಸಿದರೆಂದು ಅಳಿಯ ಓದಿ ಹೇಳಿದರು. ‘ಪ’ ಇರಬೇಕಾದಲ್ಲಿ ‘ಹ’ ಏಕಿದೆ? ಹಳೆಯ ಜಪಾನಿಯಲ್ಲಿ ಅದು ‘ಪ’ ಆಗಿತ್ತಂತೆ. ಹೂವಿಗೆ ‘ಪನ’ ಎನ್ನುತ್ತಿದ್ದರು, ಅದೇ ‘ಹನ’ ಆಯಿತು. ನನಗೆ ಒಳಗೇ ನಗು ಉಕ್ಕಿತು. ನಮ್ಮ ‘ಪಾಲು’ ಹಾಲಾದದ್ದು, ‘ಪೂ’ ಹೂವಾದದ್ದು ಎಷ್ಟು ಸಾವಿರ ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ! ವಾಕ್ಯದ ಕಟ್ಟೂ ನಮ್ಮಂತೆಯೇ: ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ವಿಭಕ್ತಿ ಹಿಂದೆ. ಅವಳ ಹಾಳೆಯಲ್ಲಿ ಪ್ರತಿ ಅಕ್ಷರದ ಪಕ್ಕ ನಾನೊಂದು ಕನ್ನಡ ಅಕ್ಷರ ಬರೆದೆ. ಅಂದಿನಿಂದ ದಿನಕ್ಕೊಂದು ಸಾಲು.

ಏಪ್ರಿಲ್ ಮೊದಲ ವಾರ ಅವಳ ಶಾಲೆಯ ಪ್ರವೇಶದ ಸಮಾರಂಭ. ಹೂವು ಉದುರಿ ಎಳೆ ಎಲೆ ಬಂದಿತ್ತು. ಹಿಂದೆ ಹೂವಿನ ಕೆಳಗೇ ಮಕ್ಕಳು ಶಾಲೆಗೆ ಕಾಲಿಡುತ್ತಿದ್ದರಂತೆ, ಈಚೆಗೆ ಹೂವು ಕಾಯುವುದಿಲ್ಲ. ಆರು ವರ್ಷ ಬಾಳುವ ಗಟ್ಟಿ ಬೆನ್ನುಚೀಲ, ಹಳದಿ ಟೊಪ್ಪಿಗೆ. ಚೀಲವೇ ನಡೆದುಹೋಗುತ್ತಿರುವಂತೆ ಕಾಣುವ ಮಕ್ಕಳು. ಅಪ್ಪ ಅಮ್ಮ ಬಿಡಲು ಹೋಗುವುದಿಲ್ಲ, ಕೇರಿಯ ಮಕ್ಕಳು ಕೂಡಿ ನಡೆದೇ ಹೋಗುತ್ತಾರೆ. ಊಟವನ್ನು ಮಕ್ಕಳೇ ಸರದಿಯಂತೆ ಬಡಿಸುತ್ತಾರೆ, ಕೋಣೆಯನ್ನು ಮಕ್ಕಳೇ ಗುಡಿಸಿ ಒರೆಸುತ್ತಾರೆ. ಇದನ್ನು ಕಂಡು ನಾನು ಯೋಚನೆಗೆ ಬಿದ್ದೆ. ನಮ್ಮಲ್ಲಿ ಮಗುವಿನ ಕೈಗೆ ಕಸಬರಿಗೆ ಕೊಟ್ಟರೆ ತಂದೆ ತಾಯಿಗಳು ಸಿಟ್ಟಾಗುತ್ತಾರೆ. ಅವರ ಸಿಟ್ಟಿಗೆ ಕಾರಣವಿದೆ: ಕಸಬರಿಗೆ ಯಾವ ಮಕ್ಕಳ ಕೈಗೆ ಹೋಗುತ್ತಿತ್ತು ಎಂಬುದು ನಮಗೆಲ್ಲ ಗೊತ್ತು. ಎಲ್ಲರ ಕೈಗೂ ಕೊಡುವುದಾದರೆ ಮಾತ್ರ ಅದು ಪಾಠ.

ಏಪ್ರಿಲ್ ಎರಡನೇ ವಾರದಿಂದ ಅಳಿಯ ಮನೆಯಲ್ಲೇ ಉಳಿದರು. ಕೂಸು ಹುಟ್ಟಿದ ಎಂಟು ವಾರದೊಳಗೆ ತಂದೆಗೆ ನಾಲ್ಕು ವಾರದವರೆಗೆ ರಜೆ ಕೊಡುವ ಕಾನೂನು 2022ರ ಅಕ್ಟೋಬರ್‌ನಿಂದ ಬಂದಿದೆ. ‘ಗಂಡಸಿಗೆ ಬಾಣಂತನದ ರಜೆಯೇ!’ ಎಂದು ನಾನು ಮೊದಲು ಮೂಗು ಮುರಿದೆ. ಅವರು ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡು “ಹೆಂಗ ಎರೀಬೇಕ್ರಿ ಅತ್ತಿ, ತೋರಸ್ರಿ” ಎಂದಾಗ ನನ್ನ ಮೂಗು ನೆಟ್ಟಗಾಯಿತು.

ಅದೇ ದಿನಗಳಲ್ಲಿ ವಾರ್ಡಿನ ಆರೋಗ್ಯ ನರ್ಸು ಮನೆಗೆ ಬಂದಳು. ಎಳೆಗೂಸಿದ್ದ ಮನೆಗೆ ಹೀಗೆ ಬರುವುದು ಅಲ್ಲಿಯ ಕ್ರಮ. ಕೂಸನ್ನು ತೂಗಿದಳು, ಕೈಪಿಡಿಯಲ್ಲಿ ಬರೆದಳು. ನನ್ನ ಹೊಗೆಯ ಕಥೆ ಕೇಳಿ ನಕ್ಕು, ಎಳೆಯ ಎದೆಗೆ ಹೊಗೆ ಬೇಡವೆಂದು ಮೆಲ್ಲನೆ ಹೇಳಿದಳು, ಒಪ್ಪಿದೆ. ಆಮೇಲೆ ಮಗಳ ಕೈಗೆ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟಳು. ಹೊಟ್ಟೆ ಬೆನ್ನಿನ ಪ್ರಶ್ನೆಗಳಲ್ಲ, ಮನಸ್ಸಿನ ಪ್ರಶ್ನೆಗಳು: ಕಳೆದ ವಾರ ನಗು ಬಂತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ಅಳು ಬಂತೇ. ಮಗಳು ಗುರುತು ಹಾಕುತ್ತಾ ಹೋಗಿ, ಕೊನೆಯ ಸಾಲುಗಳಿಗೆ ಬಂದಾಗ ಪೆನ್ನು ನಿಂತಿತು. ನರ್ಸು ಏನೋ ಕೇಳಿದಳು. ಮಗಳು ಬಿಕ್ಕಿಬಿಕ್ಕಿ ಅಳತೊಡಗಿದಳು. ಪರಕೀಯಳೊಬ್ಬಳ ಮುಂದೆ, ನನಗೆ ತಿಳಿಯದ ಭಾಷೆಯಲ್ಲಿ, ನನ್ನ ಮಗಳು ತನ್ನ ದುಃಖ ಹೇಳಿಕೊಳ್ಳುತ್ತಿದ್ದಾಳೆ. ನಾನು ಒಳಬಾಗಿಲಲ್ಲಿ ಹಾಲಿನ ಲೋಟ ಹಿಡಿದು ನಿಂತಿದ್ದೇನೆ. ಐದು ವಾರ ಒಂದೇ ಸೂರಿನ ಕೆಳಗೆ ಇದ್ದು, ಎರೆದು, ಉಣಿಸಿ, ಉಂಡಿ ತಿನ್ನಿಸಿ, ಒಂದು ದಿನವಾದರೂ ‘ಮನಸು ಹೆಂಗೈತವ್ವ’ ಎಂದು ಕೇಳಿದ್ದೆನೇ? ಬಾಣಂತಿಗೆ ಸೊಂಟ ನೋವು ಬರುತ್ತದೆಂದು ಗೊತ್ತಿತ್ತು, ಅಳು ಬರುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನನಗೂ ಬಂದಿತ್ತು. ನಮ್ಮವ್ವನಿಗೆ ನಾನೂ ಹೇಳಿರಲಿಲ್ಲ.

ಆ ರಾತ್ರಿ ಅವಳ ತಲೆ ಬಾಚುತ್ತ ಕೇಳಿದೆ. “ನಿನಗ ಯಾಕ ಹೇಳ್ಲಿಲ್ಲ?”

“ಸಾಲಿ ಬಿಟ್ಟು ಅಷ್ಟ ದೂರದಿಂದ ಬಂದೀ. ನಾ ಅತ್ತರ ನಿನಗ ಕೆಟ್ಟ ಅನಸ್ತೈತಿ. ಮತ್ತ... ಇವಳನ್ನ ಇಲ್ಲಿ ಸಾಲಿಗೆ ಹಾಕಿದ್ದಕ್ಕ ನೀ ಮನಸಿನ್ಯಾಗ ಸಿಟ್ಟಾಗೀ ಅಂತ ನನಗ ಗೊತ್ತೈತವ್ವಾ.”

ಬಾಚಣಿಕೆ ನನ್ನ ಕೈಯಲ್ಲೇ ನಿಂತಿತು. ನಾನು ಬಾಯಿ ಬಿಟ್ಟು ಹೇಳದ್ದನ್ನು ಅವಳು ದೀಪಾವಳಿಯಿಂದ ಹೊತ್ತುಕೊಂಡಿದ್ದಳು.

“ನೀ ಇಲ್ಲೇ ಇದ್ದುಬಿಡವ್ವಾ” ಎಂದಳು ಆಮೇಲೆ. “ಊರಾಗ ಒಬ್ಬಾಕಿ ಏನ ಮಾಡ್ತೀ?” ಅಳಿಯ ಕಾಗದಪತ್ರ ನೋಡಿಯೇ ಇಟ್ಟಿದ್ದರು. ಹೆಚ್ಚಿನ ಕೌಶಲದವರೆಂದು ಅಂಕ ಕೊಟ್ಟು ಆರಿಸಿದ ವಿದೇಶಿ ಕೆಲಸಗಾರರು, ವರಮಾನ ವರ್ಷಕ್ಕೆ 80 ಲಕ್ಷ ಯೆನ್ ದಾಟಿದ್ದರೆ, ತಮ್ಮ ಇಲ್ಲವೆ ಹೆಂಡತಿಯ ತಂದೆ ತಾಯಿಯನ್ನು ಕರೆಸಿ ಇಟ್ಟುಕೊಳ್ಳಬಹುದು. ಮಗುವನ್ನು ನೋಡಿಕೊಳ್ಳಲಿಕ್ಕೆ, ಮಗುವಿಗೆ ಏಳು ವರ್ಷವಾಗುವವರೆಗೆ ಮಾತ್ರ. ಕೇಳಿ ನನಗೆ ನಗು ಬಂತು. ಅಜ್ಜಿಗೂ ಹಾಲಿನ ಪೊಟ್ಟಣದ ಹಾಗೆ ಒಂದು ಕೊನೆಯ ತಾರೀಖು. ಆದರೆ ನಗುವ ಮಾತಾಗಿರಲಿಲ್ಲ. ನಿವೃತ್ತಿಗೆ ನನಗಿನ್ನೂ ಕೆಲವು ವರ್ಷಗಳಿದ್ದವು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಗೋಡೆಯಾಚೆ ಮುದುಕಿಯ ಕೆಮ್ಮು ಕೇಳುತ್ತಿತ್ತು. ಒಬ್ಬಳೇ ಎದ್ದು, ಒಬ್ಬಳೇ ಕಸ ವಿಂಗಡಿಸಿ, ಹಿಗಾನ್ ಬಂದರೆ ಗಂಡನ ಗೋರಿ ತೊಳೆದು, ಪರರ ಮನೆಯಲ್ಲಿ ಬೆಂಕಿ ಎಂದರೆ ಸಿಲಿಂಡರು ಹೊತ್ತು ಓಡಿಬರುವ ಜೀವ. ಅವಳನ್ನು ನೋಡಿ ನನಗೆ ಒಂಟಿತನದ ಭಯ ಹುಟ್ಟಬೇಕಿತ್ತು. ಹುಟ್ಟಿದ್ದು ಧೈರ್ಯ.

ಬೆಳಿಗ್ಗೆ ಮಗಳಿಗೆ ಹೇಳಿದೆ: “ನಿವೃತ್ತಿ ಆಗಲಿ, ವರ್ಷಕ್ಕ ಮೂರು ತಿಂಗಳು ಬಂದಿರ್ತೀನಿ. ಇವತ್ತ ಬಿಟ್ಟು ಬಂದ್ರ ನನ್ನ ಜೀವ ಅಲ್ಲೇ ಇರ್ತೈತಿ. ಅರ್ಧ ಜೀವದ ಅಜ್ಜಿ ನಿನಗ ಬ್ಯಾಡ. ಆದ್ರ ಒಂದ ಮಾತು. ಇನ್ನ ಮ್ಯಾಲೆ ಫೋನಿನ್ಯಾಗ ‘ಆರಾಮ ಅದೀನಿ’ ಅಂತ ಸುಳ್ಳ ಹೇಳಬ್ಯಾಡ.” ಅವಳು ನನ್ನನ್ನೇ ನೋಡಿ “ನೀನೂ ಹೇಳಬ್ಯಾಡ” ಎಂದಳು. ನರ್ಸು ಮತ್ತೆ ಎರಡು ಸಲ ಬಂದಳು. ಹೆತ್ತ ತಾಯಂದಿರಿಗೆ ಆರೈಕೆ ಕೊಡುವ ಕೇಂದ್ರಕ್ಕೆ ಹೆಸರು ಬರೆಸಿದಳು. ಅಳಿಯನಿಗೆ ಮುದ್ದೆ ಅನ್ನ, ಬಾಣಂತಿ ಸಾರು ಎರಡೂ ಮಾಡಲು ಬರುವ ಹಾಗಾಯಿತು.

ಮೇ 10ರಂದು ನಮ್ಮಲ್ಲಿ ವಿಧಾನಸಭೆಯ ಚುನಾವಣೆ. ಏಪ್ರಿಲ್ ಕೊನೆಗೇ ಹೊರಟೆ. ಹೊರಡುವ ದಿನ ಮುದುಕಿ ಒಂದು ಸಣ್ಣ ಶೀಸೆ ಕೊಟ್ಟಳು: ಉಪ್ಪಿನಲ್ಲಿ ಹಾಕಿದ ಚೆರಿ ಹೂವು. ಬಿಸಿನೀರಿಗೆ ಹಾಕಿದರೆ ಮತ್ತೆ ಅರಳುತ್ತದೆ. ನಾನು ಅವಳಿಗೆ ಬ್ಯಾಡಗಿ ಖಾರದ ಪುಡಿಯ ಪೊಟ್ಟಣ ಕೊಟ್ಟೆ. ಬಣ್ಣ ನೋಡಿ ಹೆದರಬೇಡ, ಉರಿ ಕಡಿಮೆ ಎಂದು ಮೊಮ್ಮಗಳು ನಮ್ಮಿಬ್ಬರ ನಡುವೆ ದುಭಾಷಿಯಾಗಿ ಹೇಳಿದಳು.

ಊರಿಗೆ ಬಂದರೆ ಹೊಳೆಯಲ್ಲಿ ಬಂಡೆಗಳೇ. ಚುನಾವಣೆಯ ಕೆಲಸ ಮುಗಿಸಿ ರಾತ್ರಿ ಮನೆಗೆ ಬಂದು ಕೂತಿದ್ದೆ, ಫೋನು ಬಂತು. ಮೊದಲು ಮೊಮ್ಮಗಳು ತಪ್ಪಿಲ್ಲದೆ ಯ ರ ಲ ವ ಒಪ್ಪಿಸಿದಳು. ‘ಲ’ ತಮ್ಮ ಶಾಲೆಯ ಹಾಳೆಯಲ್ಲಿ ಇಲ್ಲ, ಅಜ್ಜಿಯ ಹಾಳೆಯಲ್ಲಿ ಮಾತ್ರ ಇದೆ ಎಂದಳು. ಆಮೇಲೆ ಮಗಳು ಫೋನು ತೆಗೆದುಕೊಂಡಳು.

“ಅವ್ವಾ, ಇವತ್ತ ಮಧ್ಯಾನ್ಹ ಅಳು ಬಂತು. ಅತ್ತೆ. ಈಗ ಆರಾಮ ಅದೀನಿ. ನೀ ಉಂಡೀಯೇನು?”

‘ಉಂಡೆ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. “ಇಲ್ಲವ್ವ” ಎಂದೆ. “ಒಬ್ಬಾಕಿಗೆ ಏನ ಮಾಡೂದಂತ ಹಂಗ ಕುಂತೀನಿ.”

“ಏಳು” ಎಂದಳು ಮಗಳು. “ಫೋನ ಇಡಬ್ಯಾಡ. ಒಲಿ ಹಚ್ಚು, ನಾ ಹಿಡಕೊಂಡಿರ್ತೀನಿ.”

ಅಲ್ಲಿ ಆಗ ನಡುರಾತ್ರಿ ದಾಟಿತ್ತು. ನಾನು ಎದ್ದು ಒಲೆ ಹಚ್ಚಿದೆ.